ಮೂವರ ಹಿಂದಿನ ಜಾಗ

ಏಪ್ರಿಲ್ 13, 2014, ಭಾನುವಾರ

ಕೊನೆಗೂ ಅಖಿಲನ ಆಟ ನೋಡಲು ಹೋದೆ. ಹೋಗುವ ಮನಸ್ಸೇನೂ ಇರಲಿಲ್ಲ. ಆದರೆ ಬೆಳಗ್ಗೆ ಅವನು ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲೇ ನಿಂತಿದ್ದ. ಹೊರಗೂ ಹೋಗುವುದಿಲ್ಲ, ಒಳಗೂ ಬರುವುದಿಲ್ಲ. "ನೀನು ಒಬ್ಬಳೇ ಮನೆಯಲ್ಲಿ ಏನು ಮಾಡ್ತಿ?" ಎಂದ. ಇಂಗ್ಲಿಷಿನಲ್ಲೇ ಅಂದದ್ದು. ಇಲ್ಲಿ ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಲಿಹಲ್‌ನಲ್ಲೇ ಹುಟ್ಟಿದವನು, ಕನ್ನಡ ತುಳು ಎರಡೂ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷ್. ಬರೆಯುವಾಗ ನಾನೇ ಕನ್ನಡ ಮಾಡಿಕೊಳ್ಳಬೇಕು.

ನನಗೆ ಆ ಆಟ ಕಂಡರೆ ಹೆದರಿಕೆ. ಅಮೆರಿಕದವರ ಫುಟ್‌ಬಾಲ್. ಹೆಲ್ಮೆಟ್ಟು, ಭುಜಕ್ಕೆ ಕವಚ, ಮೊಟ್ಟೆಯ ಆಕಾರದ ಚೆಂಡು, ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ತಂಡದ ಹೆಸರು ಆರ್ಡನ್ ಫಾಕ್ಸಸ್. ಯಾರಿಗೂ ಸಂಬಳವಿಲ್ಲ. ವಾರವಿಡೀ ದುಡಿದ ಪ್ಲಂಬರು, ಮೇಷ್ಟ್ರು, ಬಸ್ ಡ್ರೈವರು ಭಾನುವಾರ ಬಂದು ಒಬ್ಬರಿಗೊಬ್ಬರು ಢಿಕ್ಕಿ ಹೊಡೆದುಕೊಳ್ಳುತ್ತಾರೆ. ಇವರು, ಅಖಿಲನ ಅಪ್ಪ, ಪ್ರತಿ ವರ್ಷ ಬೇಸಿಗೆಯ ಭಾನುವಾರಗಳನ್ನೆಲ್ಲ ಅಲ್ಲೇ ಕಳೆಯುತ್ತಿದ್ದರು. ಮೈದಾನದ ಅಂಚಿನಲ್ಲಿ ದೂರ ಅಳೆಯುವ ಸರಪಳಿ ಹಿಡಿದು ನಿಲ್ಲುವುದು ಇವರ ಕೆಲಸವಂತೆ. ಸಂಜೆ ಅಪ್ಪ ಮಗ ಇಬ್ಬರೂ ಕೆಸರಿನ ಶೂ ಹಾಕಿಕೊಂಡೇ ಒಳಗೆ ಬರುತ್ತಿದ್ದರು, ನಾನು ಬಯ್ಯುತ್ತಿದ್ದೆ. ಕಳೆದ ನವೆಂಬರಿನಲ್ಲಿ ಇವರು ಕಾರ್ಖಾನೆಯ ಕಾರ್ ಪಾರ್ಕಿನಲ್ಲಿ ಸ್ಟಿಯರಿಂಗಿಗೆ ತಲೆಯಿಟ್ಟು ಹೋಗಿಬಿಟ್ಟರು. ಹೃದಯ ಎಂದರು ಡಾಕ್ಟರು. ಅಲ್ಲಿಂದೀಚೆಗೆ ನನ್ನ ಮನೆ ಒರೆಸಿದಂತೇ ಇರುತ್ತದೆ.

ಇವತ್ತು ಹೀನಾಯವಾಗಿ ಸೋತರು. ಸೋತದ್ದು ಹೇಗೆಂದು ನನಗೂ ತಿಳಿಯಿತು. ಮುಂದೆ ದಪ್ಪ ದಪ್ಪ ಆಳುಗಳ ಸಾಲು. ಅದರ ಬೆನ್ನಿಗೆ ಮೂವರು, ಅವರಿಗೆ ಲೈನ್‌ಬ್ಯಾಕರ್ ಎನ್ನುತ್ತಾರೆ. ನಡುವಿನವನು ನನ್ನ ಮಗ. ಚೆಂಡು ಹಿಡಿದು ನುಗ್ಗಿ ಬರುವವನನ್ನು ಕೆಡಹುವುದರಲ್ಲಿ ಮೂವರೂ ಗಟ್ಟಿಗರು. ಆದರೆ ಎದುರಿನವರು ನುಗ್ಗುವ ಹಾಗೆ ನಟಿಸಿ, ಮೂವರೂ ಮುಂದಕ್ಕೆ ಓಡಿದ ಮೇಲೆ ತಲೆಯ ಮೇಲಿಂದ ಚೆಂಡು ಎಸೆಯುತ್ತಾರೆ. ಹಿಂದೆ ಒಂದು ಅಂಗಳದಷ್ಟು ಜಾಗ ಖಾಲಿ. ಎದುರಿನವನೊಬ್ಬ ಅಲ್ಲಿ ಹಾಯಾಗಿ ಚೆಂಡು ಹಿಡಿದುಕೊಳ್ಳುತ್ತಾನೆ. ಮತ್ತೆ ಮತ್ತೆ ಅದೇ ಆಯಿತು.

ಆ ಖಾಲಿ ಜಾಗದಲ್ಲಿ ಕಪ್ಪು ಬಿಳಿ ಪಟ್ಟೆಯ ಅಂಗಿಯ ಅಂಪೈರ್ ಒಬ್ಬ ಇರುತ್ತಾನೆ. ಅವನಿಂದ ಸ್ವಲ್ಪ ಆಚೆ ಇನ್ನೊಬ್ಬ ಇದ್ದ. ನೀಲಿ ಕೋಟು, ನಮಗೆ ಬೆನ್ನು ಹಾಕಿ, ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದ. ಅಷ್ಟು ಜನ ಆಳುಗಳು ಓಡುವಲ್ಲಿ ಹೆಲ್ಮೆಟ್ಟೂ ಇಲ್ಲದೆ ಹೇಗೆ ನಿಲ್ಲುತ್ತಾನೋ ಎಂದುಕೊಂಡೆ.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ. "ನಿನ್ನ ಹಿಂದೆ ನೀಲಿ ಕೋಟಿನವನು ಒಬ್ಬ ಇದ್ದನಲ್ಲ, ಅವನೂ ಅಂಪೈರಾ?"

ಅಖಿಲ ಗೇರ್ ಬದಲಾಯಿಸಿದ. "ಅಲ್ಲಿ ಯಾರೂ ಇರಲಿಲ್ಲ ಅಮ್ಮ," ಎಂದ.

ಏಪ್ರಿಲ್ 17, ಗುರುವಾರ

ನಾನು ಕೆಲಸ ಮಾಡುವ ಶಾಲೆಗೆ ಈಸ್ಟರ್ ರಜೆ, ನನಗೂ ರಜೆ. ಅಖಿಲ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪಿಟ್ಟು ಭಾನುವಾರದ ಆಟದ ವಿಡಿಯೊ ನೋಡುತ್ತಿದ್ದ. ಅವರ ಕೋಚ್ ಡೆಸ್ಮಂಡ್ ಅದನ್ನು ಎಲ್ಲರಿಗೂ ಕಳಿಸಿದ್ದಾನೆ. ಡೆಸ್ಮಂಡ್ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಸ್ ಓಡಿಸುವವನು, ದೊಡ್ಡ ಗಂಟಲು. "ಮುಂಬಾಗಿಲಿಗೆ ಮೂರು ನಾಯಿ ಕಟ್ಟಿದ್ದೇನೆ, ಹಿಂಬಾಗಿಲು ತೆರೆದೇ ಉಂಟು" ಎಂದು ಈ ಮೂವರಿಗೆ ಬಯ್ದನಂತೆ. ಚೆಂಡು ಎಸೆಯುವವನ ಕೈಯನ್ನೇ ನೋಡುತ್ತಾ ನಿಲ್ಲುತ್ತೀರಿ, ನೀವು ಕಾಯಬೇಕಾದವನು ಪಕ್ಕದಲ್ಲೇ ಹಾದುಹೋದರೂ ಗೊತ್ತಾಗುವುದಿಲ್ಲ ಎಂದನಂತೆ.

ನಾನೂ ಪಕ್ಕದಲ್ಲಿ ಕೂತು ನೋಡಿದೆ. ಎಲ್ಲ ಉಂಟು, ಮೂವರು, ಅಂಪೈರು, ಹಿಂದಿನ ಹುಲ್ಲು. ನೀಲಿ ಕೋಟಿನವನು ಇಲ್ಲ.

"ಏನು ಹುಡುಕ್ತಾ ಇದ್ದಿ?" ಎಂದ ಅಖಿಲ.

"ಏನಿಲ್ಲ. ಚಪಾತಿ ತಣ್ಣಗಾಗ್ತದೆ, ತಿನ್ನು."

ಏಪ್ರಿಲ್ 27, ಭಾನುವಾರ

ಮತ್ತೆ ಸೋಲು. ಮತ್ತೆ ಅದೇ ಜಾಗದಿಂದ.

ಅವನು ಇದ್ದ. ಈ ಸಲ ನನ್ನ ಕನ್ನಡಕ ಒರೆಸಿಕೊಂಡು ನೋಡಿದೆ. ಕೋಟಿನ ಎಡ ಭುಜದ ಹೊಲಿಗೆ ಸ್ವಲ್ಪ ಎದ್ದಿದೆ. ಬಲಗಾಲಿನ ಮೇಲೆ ಭಾರ ಹಾಕಿ ನಿಲ್ಲುವುದು. ಆಗಾಗ ಹಿಮ್ಮಡಿ ಎತ್ತಿ ಇಳಿಸುವುದು. ಒಂದು ವಿಮಾನ ತೀರ ಕೆಳಗೆ ಹಾದುಹೋಯಿತು, ಎಲ್ಲರ ಕೂಗೂ ಮುಚ್ಚಿಹೋಯಿತು. ಆಗ ಅವನೊಬ್ಬ ಕತ್ತೆತ್ತಿ ವಿಮಾನ ನೋಡಿದ. ಮತ್ಯಾರೂ ನೋಡಲಿಲ್ಲ. ಏರ್‌ಪೋರ್ಟ್ ಪಕ್ಕದಲ್ಲಿ ಆಡುವವರಿಗೆ ವಿಮಾನ ಏನು ಹೊಸತು?

ಇಪ್ಪತ್ತೆಂಟು ವರ್ಷ ಈ ಊರಲ್ಲಿದ್ದೂ ವಿಮಾನ ಬಂದಾಗಲೆಲ್ಲ ಕತ್ತೆತ್ತಿ ನೋಡುವವರು ಇವರೊಬ್ಬರೇ.

ಇವರ ಆ ಕೋಟನ್ನು ನಾನೇ ಜನವರಿಯಲ್ಲಿ, ಹಳೆ ಬಟ್ಟೆ ಮಾರುವ ಚಾರಿಟಿ ಅಂಗಡಿಗೆ ಕೊಟ್ಟಿದ್ದೆ. ಯಾರೋ ಕೊಂಡುಕೊಂಡಿರಬೇಕು. ಕೊಂಡವನು ಇವರ ಹಾಗೆಯೇ ನಿಲ್ಲುವವನಿರಬೇಕು. ಅಷ್ಟೇ.

ಏಪ್ರಿಲ್ 30

ಶಾಲೆ ಮುಗಿಸಿ ಆ ಅಂಗಡಿಗೆ ಹೋದೆ. ನೀಲಿ ಕೋಟು ಯಾರು ಕೊಂಡರೆಂದು ಕೇಳಿದೆ. ಅಂಗಡಿಯ ಮುದುಕಿ ಒಳಗೆ ಹೋಗಿ ನೋಡಿ ಬಂದು, "ಅದು ಮಾರಾಟವೇ ಆಗಲಿಲ್ಲ ಡಿಯರ್, ಭುಜ ಹರಿದಿದೆಯಲ್ಲ, ಹೊರಗೆ ಹಾಕಲೇ ಇಲ್ಲ" ಎಂದಳು. ತಂದು ತೋರಿಸಿದಳು. ನಾನು ಕೊಟ್ಟ ಅದೇ ಚೀಲದಲ್ಲಿ ಮಡಚಿದ್ದು ಮಡಚಿದ ಹಾಗೇ ಇತ್ತು.

ಬೇಕಾ ಎಂದು ಕೇಳಿದಳು. ಬೇಡ ಎಂದೆ. ಇವರು ಹಾಕಿಕೊಂಡಿದ್ದಾರಲ್ಲ.

ಮೇ 11, ಭಾನುವಾರ

ಮನೆಗೆ ಬಂದವಳೇ ಬರೆಯಲು ಕೂತಿದ್ದೇನೆ.

ಇವರು ಒಂದೇ ಕಡೆ ನಿಲ್ಲುವುದಿಲ್ಲ ಎಂದು ಇವತ್ತು ಗೊತ್ತಾಯಿತು. ಪ್ರತಿ ಸಲ ಆಟ ಶುರುವಾಗುವ ಮೊದಲು ನಾಲ್ಕು ಹೆಜ್ಜೆ ಎಡಕ್ಕೋ ಬಲಕ್ಕೋ ಹೋಗಿ ನಿಲ್ಲುತ್ತಾರೆ. ಆಮೇಲೆ ಚೆಂಡು ಬಂದು ಬೀಳುವುದು ಸರಿಯಾಗಿ ಅಲ್ಲಿಗೇ. ಮೊದಲು ಕಾಕತಾಳೀಯ ಅಂದುಕೊಂಡೆ. ಅರ್ಧ ಆಟ ಹಾಗೇ ನೋಡಿದೆ. ಒಮ್ಮೆಯೂ ತಪ್ಪಲಿಲ್ಲ.

ಕೊನೆಯ ಭಾಗದಲ್ಲಿ ಇವರು ಎಡಕ್ಕೆ, ಗೆರೆಯ ಹತ್ತಿರ ಹೋಗಿ ನಿಂತರು. ಎದುರಿನವನು ಚೆಂಡನ್ನು ನುಗ್ಗುವವನ ಕೈಗೆ ಕೊಟ್ಟ ಹಾಗೆ ಮಾಡಿದ. ಮೂವರೂ ಮುಂದಕ್ಕೆ ಕಾಲಿಟ್ಟರು. ನನ್ನ ಬಾಯಿಂದ ತಾನಾಗಿಯೇ ಬಂತು, "ಅಖಿಲಾ! ಎಡಕ್ಕೆ! ಹಿಂದೆ!"

ಕನ್ನಡದಲ್ಲಿ ಕೂಗಿದ್ದು. ಎದುರಿನವರಿಗೆ ಏನು ತಿಳಿಯಬೇಕು? ಅಖಿಲ ನಿಂತಲ್ಲೇ ತಿರುಗಿ ಓಡಿದ, ಕೈ ಚಾಚಿದ, ಚೆಂಡು ಅವನ ಎದೆಗೇ ಬಂತು. ಹಿಡಿದುಕೊಂಡು ಬಿದ್ದ. ಎಲ್ಲರೂ ಅವನ ಮೇಲೆ ಬಿದ್ದರು. ಎರಡು ವರ್ಷದಲ್ಲಿ ಈ ಮೂವರಲ್ಲಿ ಯಾರೂ ಹಾಗೆ ಚೆಂಡು ಕಸಿದದ್ದಿಲ್ಲವಂತೆ.

ಅವರು ಕುಣಿಯುತ್ತಿದ್ದಾಗ ನಾನು ಇವರನ್ನು ನೋಡುತ್ತಿದ್ದೆ. ಕೈ ಹಿಂದೆ ಕಟ್ಟಿಕೊಂಡೇ ಹಿಮ್ಮಡಿ ಎತ್ತಿ ಇಳಿಸಿದರು. ಖುಷಿಯಾದರೆ ಹಾಗೆ ಮಾಡುವುದು ಇವರ ಅಭ್ಯಾಸ.

ಜೂನ್ 1, ಭಾನುವಾರ

ಗೆದ್ದೆವು. ಕಳೆದ ವಾರವೂ ಗೆದ್ದಿದ್ದೆವು.

ಡೆಸ್ಮಂಡ್ ನನ್ನ ಹತ್ತಿರ ಬಂದು ಮಡಚುವ ಕುರ್ಚಿ ಹಾಕಿ ಕೂತ. "ಭೋಜ್ ಯಾವಾಗಲೂ ಹೇಳ್ತಿದ್ದ, ನನ್ನ ಹೆಂಡತಿ ಒಮ್ಮೆ ಬಂದರೆ ನಿಮಗೆಲ್ಲ ಆಟ ಕಲಿಸ್ತಾಳೆ ಅಂತ. ನಾನು ನಂಬಿರಲಿಲ್ಲ. ಎಸೆತ ಎಲ್ಲಿ ಬೀಳ್ತದೆ ಅಂತ ನಿಮಗೆ ಹೇಗೆ ಗೊತ್ತಾಗ್ತದೆ ಮಿಸೆಸ್ ಶೆಟ್ಟಿ?"

"ನೋಡ್ತೇನೆ," ಎಂದೆ.

"ಏನನ್ನು ನೋಡ್ತೀರಿ? ಎಸೆಯುವವನ ಭುಜವನ್ನಾ, ಕಾಲನ್ನಾ?"

ಅವನು ನಕ್ಕು, ತಂಡದ ನಾಲ್ಕನೆಯ ಲೈನ್‌ಬ್ಯಾಕರ್ ನೀವೇ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಹುಡುಗರು ಚಪ್ಪಾಳೆ ತಟ್ಟಿದರು. ಅಖಿಲ ಮಾತ್ರ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದ. ದಣಿದಿದ್ದ ಅಂತ ಕಾಣುತ್ತದೆ.

ಸಂಜೆ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಮಾಡಿದೆ. ಎಷ್ಟೋ ತಿಂಗಳ ಮೇಲೆ. ಮಗ ಮುಟ್ಟಲಿಲ್ಲ, ಅವನಿಗೆ ಮುಳ್ಳಿನ ಮೀನು ಆಗುವುದಿಲ್ಲ.

ಜೂನ್ 8

ಇವತ್ತು ಹತ್ತಿರ ಇದ್ದರು. ಕತ್ತಿನ ಹಿಂದಿನ ಕೂದಲು ಕಾಣುವಷ್ಟು. ಕೂದಲು ಬೆಳೆದಿದೆ, ಕತ್ತರಿಸಬೇಕು. ನಾನೇ ಕತ್ತರಿಸುತ್ತಿದ್ದದ್ದಲ್ಲವೆ, ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ. ಮುಖ ಯಾಕೆ ತೋರಿಸುವುದಿಲ್ಲ ನೀವು?

ಜೂನ್ 14, ಶನಿವಾರ

ಮಗಳು ತೃಪ್ತಿ ಲೀಡ್ಸಿನಿಂದ ಹೇಳದೆ ಕೇಳದೆ ಬಂದಳು. ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು, ಪಾಳಿ ಕೆಲಸದಲ್ಲಿ ರಜೆ ಸಿಗುವುದೇ ಕಷ್ಟ. ನಾನು ಅವಳಲ್ಲಿಗೆ ಬರುತ್ತೇನೆಂದು ಹೇಳಿ ಎರಡು ಸಲ ತಪ್ಪಿಸಿದೆನಂತೆ, ಫೋನೂ ಎತ್ತುವುದಿಲ್ಲವಂತೆ. ಭಾನುವಾರಗಳಲ್ಲಿ ನಾನು ಹೇಗೆ ಹೋಗಲಿ ಹೇಳಿ?

ಬಂದವಳೇ ತಮ್ಮನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. "ಈ ಎರಡು ಬೆರಳು ಯಾವಾಗಿನಿಂದ ಹೀಗೆ ಊದಿವೆ?"

"ಎರಡು ಮೂರು ವಾರ," ಎಂದ ಅವನು.

"ಭುಜ?"

"ಎತ್ತಲು ಆಗ್ತದೆ. ಪೂರ್ತಿ ಆಗುವುದಿಲ್ಲ."

ಅವಳು ನನ್ನತ್ತ ತಿರುಗಿದಳು. "ಅಮ್ಮ, ಇವನು ತೂಕ ಇಳಿದಿದ್ದಾನೆ. ಎಡಗೈಯಲ್ಲಿ ಊಟ ಮಾಡ್ತಿದ್ದಾನೆ. ನೀನು ದಿನಾ ಎದುರಿಗೇ ಕೂರ್ತೀಯಲ್ಲ."

ನಾನು ಗಮನಿಸಿರಲಿಲ್ಲ. ಆಟ ಆಡುವ ಹುಡುಗರಿಗೆ ಅದೆಲ್ಲ ಇದ್ದದ್ದೇ. ಡಾಕ್ಟರಾದ ಮೇಲೆ ತೃಪ್ತಿಗೆ ಎಲ್ಲರೂ ರೋಗಿಗಳಾಗಿ ಕಾಣುತ್ತಾರೆ. ನಿಮಗೆ ನೆನಪಿದೆಯಲ್ಲ, ಮೊದಲ ವರ್ಷ ನಿಮ್ಮ ಕೆಮ್ಮಿಗೇ ಎಷ್ಟು ಗಲಾಟೆ ಮಾಡಿದ್ದಳು.

ಹೊರಡುವಾಗ ಬಾಗಿಲಲ್ಲಿ ನನ್ನನ್ನು ಅಪ್ಪಿಕೊಂಡು, "ಡೈನಿಂಗ್ ಟೇಬಲ್ ಮೇಲೆ ಯಾಕೆ ನಾಲ್ಕು ತಟ್ಟೆ ಇಟ್ಟೆ ಅಮ್ಮ?" ಎಂದು ಮೆಲ್ಲಗೆ ಕೇಳಿದಳು. ಅವಳು ಬಂದಳಲ್ಲ, ನಾಲ್ಕಲ್ಲದೆ ಮತ್ತೆಷ್ಟು ಇಡಬೇಕು?

ಜೂನ್ 29, ಭಾನುವಾರ

ಗೆದ್ದೆವು. ನಿಮ್ಮ ಕಿವಿ ಕಂಡಿತು. ಎಡಗಿವಿ.

ಜುಲೈ 6, ಭಾನುವಾರ

ಈ ವಾರ ಆಟವಿಲ್ಲ. ಹತ್ತು ಗಂಟೆಗೇ ಕಾರು ತೆಗೆದುಕೊಂಡು ಒಬ್ಬಳೇ ಮೈದಾನಕ್ಕೆ ಹೋದೆ. ಬಿಸಿಲು ಚೆನ್ನಾಗಿತ್ತು. ಒಬ್ಬ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದ. ಮಧ್ಯಾಹ್ನದವರೆಗೂ ಕೂತೆ. ನಡುವಿನ ಆ ಜಾಗದಲ್ಲಿ ಕಾಗೆಗಳು ಇಳಿದು ಎದ್ದು ಹೋದವು, ಅಷ್ಟೇ.

ನೀವು ಬರಲಿಲ್ಲ. ಅಖಿಲ ಇದ್ದರೆ ಮಾತ್ರ ಬರುತ್ತೀರಿ. ಇರಲಿ. ಅದಾದರೂ ಗೊತ್ತಾಯಿತು.

ಜುಲೈ 17, ಗುರುವಾರ

ಅಖಿಲ ಪ್ರಾಕ್ಟೀಸಿನಿಂದ ಬೇಗ ಬಂದ. ಫ್ರೀಜರಿನಿಂದ ಬಟಾಣಿಯ ಪೊಟ್ಟಣ ತೆಗೆದು ಭುಜಕ್ಕೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತ.

"ಅಮ್ಮ, ಈ ಭಾನುವಾರ ಆಡುವುದಿಲ್ಲ ಅಂತ ಡೆಸ್ಮಂಡ್‌ಗೆ ಹೇಳ್ಲಾ? ಭುಜ ಸರಿಯಿಲ್ಲ."

ಆಟವಿಲ್ಲದೆ ಎರಡು ಭಾನುವಾರ ನಾನು ಹೇಗೆ ಕಳೆದಿದ್ದೇನೆ ಎಂದು ನಿಮಗೆ ಗೊತ್ತು.

"ಇದೊಂದು ಆಡು," ಎಂದೆ. "ಇದೊಂದೇ. ಆಮೇಲೆ ಬೇಕಾದಷ್ಟು ರೆಸ್ಟ್ ತಗೊ. ನಾನು ಹೇಳ್ತೇನಲ್ಲ ಎಲ್ಲಿಗೆ ಓಡಬೇಕು ಅಂತ."

ಬಟಾಣಿ ಕರಗಿ ನೀರು ಮೆಟ್ಟಿಲಿಗೆ ತೊಟ್ಟಿಕ್ಕುತ್ತಿತ್ತು.

"ನೀನು ಬರುವುದು ನನ್ನನ್ನು ನೋಡ್ಲಿಕ್ಕಾ?" ಎಂದ.

"ಮತ್ತೆ ಯಾರನ್ನು?" ಎಂದೆ.

ಆಡುತ್ತೇನೆ ಎಂದ. ಒಳ್ಳೆಯ ಹುಡುಗ.

ಜುಲೈ 20, ಭಾನುವಾರ

ಆಸ್ಪತ್ರೆಯಲ್ಲಿದ್ದೇನೆ. ಅಖಿಲನನ್ನು ಎಕ್ಸ್‌ರೇಗೆ ಕರೆದೊಯ್ದಿದ್ದಾರೆ. ಹ್ಯಾಂಡ್‌ಬ್ಯಾಗಿನಲ್ಲಿ ಈ ಡೈರಿ ಇತ್ತು. ಬರೆಯದಿದ್ದರೆ ಹುಚ್ಚು ಹಿಡಿದೀತು.

ನೀವು ಇವತ್ತು ಅವನ ಬೆನ್ನಿಗೇ ನಿಂತಿದ್ದಿರಿ. ಆಟ ಶುರುವಾದಾಗಿನಿಂದಲೂ. ಎಡಕ್ಕಿಲ್ಲ, ಬಲಕ್ಕಿಲ್ಲ, ಅವನ ಹಿಂದೆಯೇ, ಅವನು ಸರಿದ ಕಡೆಗೆ ಸರಿಯುತ್ತಾ. ಎಂದೂ ಹಾಗೆ ಮಾಡಿದವರಲ್ಲ. ಆಮೇಲೆ ಒಮ್ಮೆ ಅವನನ್ನು ಬಿಟ್ಟು ಹಿಂದೆ, ದೂರಕ್ಕೆ ಹೋದಿರಿ. ಅಂಪೈರನನ್ನೂ ದಾಟಿ. ಅಲ್ಲಿ ನಿಂತು, ಹಿಂದೆ ಕಟ್ಟಿದ ಕೈ ಬಿಚ್ಚಿ, ಬಲಗೈ ಎತ್ತಿದಿರಿ. ಇಷ್ಟು ದಿನದಲ್ಲಿ ಮೊದಲ ಸಲ. ನನಗೆ ಕಂಡದ್ದು ಬೆನ್ನು ಮತ್ತು ಎತ್ತಿದ ಕೈ. ಕರೆಯುತ್ತಿದ್ದೀರಿ ಅಂದುಕೊಂಡೆ. ಈಗ ತಿರುಗುತ್ತೀರಿ ಅಂದುಕೊಂಡೆ.

"ಅಖಿಲಾ, ಹಿಂದೆ! ಇನ್ನೂ ಹಿಂದೆ! ಬಾ, ಬಾ!"

ಅವನು ಒಂದು ಕ್ಷಣ ಅನುಮಾನಿಸಿದ. ಅದನ್ನು ನಾನು ನೋಡಿದೆ. ಆಮೇಲೆ ಮುಖ ನನ್ನ ಕಡೆಗಿಟ್ಟುಕೊಂಡೇ ಹಿಂದಕ್ಕೆ ಓಡಿದ. ಅದೇ ಚೆಂಡಿಗಾಗಿ ನಮ್ಮವನೇ ಒಬ್ಬ ಹಿಂದಿನಿಂದ ಮುಂದಕ್ಕೆ ಧಾವಿಸುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಆ ಸದ್ದು ಆಚೆ ಕಾರುಗಳವರೆಗೂ ಕೇಳಿಸಿತಂತೆ.

ಅಖಿಲ ಬಿದ್ದದ್ದು ನಿಮ್ಮ ಕಾಲಬುಡದಲ್ಲಿ. ನೀವು ಬಗ್ಗಿ ಅವನನ್ನು ನೋಡುತ್ತಿದ್ದಿರಿ. ಎಲ್ಲರೂ ಓಡಿ ಹೋಗಿ ಸುತ್ತುವರಿದರು, ನಾನೂ ಓಡಿದೆ. ಹೋಗಿ ನೋಡಿದರೆ ಅವನೊಬ್ಬನೇ ಇದ್ದ. ಕಣ್ಣು ತೆರೆದಿತ್ತು. ನನ್ನನ್ನು ನೋಡುತ್ತಿರಲಿಲ್ಲ.

ಜುಲೈ 21

ಹೆಗಲಿನ ಕಾಲರ್ ಮೂಳೆ ಮುರಿದಿದೆ. ತಲೆಗೇನೂ ಆಗಿಲ್ಲ, ಕತ್ತಿಗೂ ಆಗಿಲ್ಲ. ಕೈಯನ್ನು ಕೊರಳಿಂದ ಬಟ್ಟೆಯ ಜೋಳಿಗೆಯಲ್ಲಿ ಕಟ್ಟಿ ಮನೆಗೆ ಕಳಿಸಿದರು. ಮೊದಲೇ ಪೆಟ್ಟಾಗಿದ್ದ ಭುಜ, ಇವನನ್ನು ಆಡಲು ಬಿಟ್ಟವರು ಯಾರು ಎಂದು ಡಾಕ್ಟರು ಕೇಳಿದರು. ಅಖಿಲ, "ನಾನೇ," ಎಂದ.

ಸೋಫಾದಲ್ಲಿ ಮಲಗಿದ್ದಾನೆ. ಮಲಗಿದಾಗ ಅವನ ಮುಖ ಇಷ್ಟು ಸಣ್ಣದಾಗಿದೆ ಎಂದು ಈಗ ನೋಡಿದೆ.

ಮನಸ್ಸಿಗೆ ಒಂದು ಮಾತು ಬರುತ್ತಾ ಉಂಟು, ಬರೆಯಬಾರದು ಎಂದುಕೊಂಡರೂ ಬರುತ್ತಾ ಉಂಟು. ಒಬ್ಬರೇ ಇರಲಾರದೆ ನೀವು ಇವನನ್ನು ಕರೆದುಕೊಂಡು ಹೋಗಲು ಬಂದವರಾ? ಇಷ್ಟು ದಿನ ನಾನೇ ದಾರಿ ತೋರಿಸಿ ಮಗನನ್ನು ಹತ್ತಿರ ಹತ್ತಿರ ಕಳಿಸಿಕೊಟ್ಟೆನಾ?

ಜುಲೈ 24, ಗುರುವಾರ

ಬೆಳಗ್ಗೆ ಅಖಿಲನನ್ನು ಮತ್ತೆ ಆಸ್ಪತ್ರೆಗೆ ತೋರಿಸಿಕೊಂಡು ಬರುವಾಗ ದಾರಿ ಬದಲಾಯಿಸಿದೆ. ನೋವಿನ ಮಾತ್ರೆಗೆ ಅವನು ಪಕ್ಕದ ಸೀಟಿನಲ್ಲೇ ನಿದ್ದೆ ಹೋಗಿದ್ದ. ಇವರು ಆಡುವ ಮೈದಾನವಿರುವ ರಗ್ಬಿ ಕ್ಲಬ್ಬಿನ ಗೇಟು ತೆರೆದಿತ್ತು. ಕಿಟಕಿ ಸ್ವಲ್ಪ ಇಳಿಸಿ, ಅವನನ್ನು ಕಾರಿನಲ್ಲೇ ಬಿಟ್ಟು, ಮೈದಾನಕ್ಕೆ ನಡೆದೆ.

ಹಗಲು ಹನ್ನೊಂದು ಗಂಟೆ. ಒಂದು ಮೋಡವಿಲ್ಲ. ಹುಲ್ಲಿನ ಮೇಲೆ ನನ್ನ ನೆರಳು, ಗೋಲಿನ ಕಂಬಗಳ ನೆರಳು. ನಡುವೆ ನೀಲಿ ಕೋಟು. ಅದಕ್ಕೆ ನೆರಳಿರಲಿಲ್ಲ. ಇಷ್ಟು ದಿನ ಅದನ್ನು ಯಾಕೆ ನೋಡಲಿಲ್ಲವೋ.

ಹತ್ತಿರ ಹೋದೆ. ಕೈ ಚಾಚಿದರೆ ಬೆನ್ನು ಸಿಗುವಷ್ಟು. ತಣ್ಣಗೆ ಗಾಳಿ ಬರುತ್ತಿತ್ತು, ನೆಲಮಾಳಿಗೆಯ ಬಾಗಿಲು ತೆರೆದ ಹಾಗೆ. ಮುಖ ನೋಡಬೇಕೆಂದು ಏಪ್ರಿಲಿನಿಂದ ಒದ್ದಾಡಿದವಳು ನಾನು. ಈಗ ತಿರುಗಿಬಿಟ್ಟರೆ ಎಂದು ಒಂದು ಹೆಜ್ಜೆ ಹಿಂದಿಟ್ಟೆ. ಅವರೊಡನೆ ಮನೆಯಲ್ಲಿ ಆಡುವ ತುಳುವಿನಲ್ಲೇ ಹೇಳಿದೆ.

"ಬಾಲೆನ್ ಬುಡ್ಲೆ. ಈರ್ ಪೋಲೆ."

ಮಗುವನ್ನು ಬಿಡಿ, ನೀವು ಹೋಗಿ ಎಂದು. ಇಪ್ಪತ್ತೆಂಟು ವರ್ಷದಲ್ಲಿ ಅವರಿಗೆ ಎಷ್ಟೋ ಸಲ ಹೇಳಿದ ಮಾತು ಅದು, ಕೆಲಸಕ್ಕೆ ಹೊತ್ತಾಯಿತು ಹೋಗಿ, ಅಂಗಡಿಗೆ ಹೋಗಿ. ಒಮ್ಮೆಯೂ ತಕ್ಷಣ ಹೋದವರಲ್ಲ. ಇವತ್ತು ಹೋದರು. ಹೆಗಲು ಸ್ವಲ್ಪ ಕುಗ್ಗಿತು. ಬಲಗಾಲು ಮೊದಲಿಟ್ಟು, ನಿಧಾನವಾಗಿ, ಆಚೆ ಬೇಲಿಯ ಸಂದಿನವರೆಗೆ. ತಿರುಗಿ ನೋಡಲಿಲ್ಲ. ಆ ಹೊತ್ತಿಗೆ ಮೇಲೆ ವಿಮಾನ ಬಂತು. ಅವರು ಕತ್ತೆತ್ತಲಿಲ್ಲ.

ಕಾರಿಗೆ ಬಂದಾಗ ಅಖಿಲ ಎಚ್ಚರವಾಗಿ ಮೈದಾನವನ್ನೇ ನೋಡುತ್ತಿದ್ದ. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ.

ಆಗಸ್ಟ್ 3, ಭಾನುವಾರ

ವರ್ಷದ ಕೊನೆಯ ಆಟ. ಇದರಲ್ಲಿ ಸೋತರೆ ಕೆಳಗಿನ ಡಿವಿಷನ್ನಿಗೆ. ಅಖಿಲ ಜೋಳಿಗೆಯ ಕೈಯಲ್ಲೇ ಡೆಸ್ಮಂಡ್ ಪಕ್ಕ ನಿಂತ. ನಾನು ಅವನ ಪಕ್ಕ.

ಮೂವರ ಹಿಂದೆ ಅಂಪೈರ್ ಒಬ್ಬನೇ. ಎಷ್ಟು ನೋಡಿದರೂ ಒಬ್ಬನೇ.

ನಾನು ಬಾಯಿ ತೆರೆಯಲಿಲ್ಲ. ಕೂಗಿದ್ದೆಲ್ಲ ಅಖಿಲ. "ಕೈ ನೋಡಬೇಡಿ, ಹಿಂದೆ ಸರಿಯಿರಿ, ಒಬ್ಬರಿಗೊಬ್ಬರು ಹೇಳಿ!" ಅವನ ಜಾಗದಲ್ಲಿ ಆಡುತ್ತಿದ್ದವನು ಹೊಸಬ, ಎರಡು ಸಲ ಮೋಸ ಹೋದ. ಮೂರನೆಯ ಸಲ ಕಾಲು ಮುಂದಿಡಲಿಲ್ಲ. ಚೆಂಡಿಗೆ ಬೆರಳ ತುದಿ ತಾಗಿಸಿದ, ಅದು ಹುಲ್ಲಿಗೆ ಬಿತ್ತು. ಅಷ್ಟರಲ್ಲೇ ಉಳಿದುಕೊಂಡರು. ಎಲ್ಲರೂ ಅಖಿಲನನ್ನು ತಬ್ಬಿಕೊಳ್ಳಲು ಬಂದರು, ಡೆಸ್ಮಂಡ್ ಅಡ್ಡ ನಿಂತು ಅವನ ಭುಜ ಕಾದ.

ಅಖಿಲ ನಗಲಿಲ್ಲ. ಆಟ ಮುಗಿದ ಮೇಲೂ ಬಹಳ ಹೊತ್ತು ಕಿವಿಗೊಟ್ಟ ಹಾಗೆ ನಿಂತಿದ್ದ.

ಆಗಸ್ಟ್ 10, ಭಾನುವಾರ, ಲೀಡ್ಸ್

ತೃಪ್ತಿಯ ಮನೆ. ಮಕ್ಕಳಿಬ್ಬರೂ ಅಡುಗೆಮನೆಯಲ್ಲಿ ಏನೋ ಮಾತಾಡಿಕೊಳ್ಳುತ್ತಿದ್ದಾರೆ. ದಾರಿಯಲ್ಲಿ ನಡೆದದ್ದನ್ನು ಈಗಲೇ ಬರೆದಿಡುತ್ತೇನೆ.

ಮೋಟರ್‌ವೇಯಲ್ಲಿ ಸಣ್ಣ ಮಳೆ. ನಾನು ಓಡಿಸುತ್ತಿದ್ದೆ. ಅಖಿಲ ರೇಡಿಯೊ ಆಫ್ ಮಾಡಿದ.

"ಅಮ್ಮ, ಅವತ್ತು ಮೈದಾನದಲ್ಲಿ ನೀನು ಅಪ್ಪನಿಗೆ ಏನು ಹೇಳಿದೆ?"

ಕಾರು ಲೇನಿನಿಂದ ಸ್ವಲ್ಪ ಸರಿಯಿತು. ಹಿಂದಿನವನು ಹಾರ್ನ್ ಹೊಡೆದ. "ನಿನಗೆ ಕಾಣಿಸ್ತಿತ್ತಾ?" ಎಂದೆ.

"ಇಲ್ಲ. ಒಮ್ಮೆಯೂ ಇಲ್ಲ. ಕೇಳಿಸ್ತಿತ್ತು. ಹಿಂದಿನಿಂದ. ಹೆಲ್ಮೆಟ್ಟಿನೊಳಗೇ ಇದ್ದ ಹಾಗೆ." ಅವನು ಕಿಟಕಿಯ ಕಡೆಗೇ ನೋಡುತ್ತಾ ಹೇಳಿದ. "ಮೊದಲ ಮ್ಯಾಚಿನಿಂದಲೂ. ಎಡ, ಬಲ ಅಂತ. ತುಳುವಿನಲ್ಲಿ. ಮೊದಮೊದಲು ಹೆದರಿ ತಿರುಗಲೇ ಇಲ್ಲ. ಅದಕ್ಕೇ ಸೋತದ್ದು. ಆಮೇಲೆ ನೀನೂ ಅದನ್ನೇ ಕೂಗ್ಲಿಕ್ಕೆ ಶುರು ಮಾಡಿದೆ. ಪ್ರತಿ ಸಲ ಅಪ್ಪ ಹೇಳಿದ ಮೇಲೆ ನೀನು. ಒಂದು ಸೆಕೆಂಡ್ ಆಮೇಲೆ. ಆಗ ಧೈರ್ಯ ಬಂತು."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಖುಷಿಯಾಗಿದ್ದೆ."

ಒಂದು ಲಾರಿ ನೀರು ಎರಚುತ್ತಾ ದಾಟಿತು. ವೈಪರ್ ಜೋರು ಮಾಡಿದೆ. ಕೇಳಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲೇ ಕೇಳಿಬಿಟ್ಟೆ.

"ಬಿದ್ದ ದಿನ? ಅವತ್ತು ಏನು ಹೇಳಿದರು? ಬಾ ಅಂದರಾ?"

ಅಖಿಲ ತುಳು ಶಬ್ದವನ್ನು ಅವರು ಹೇಳುವ ಹಾಗೆಯೇ ಹೇಳಿದ. "ಬರಡ. ಬರಬೇಡ ಅಂತ. ಮೂರು ನಾಲ್ಕು ಸಲ. ಅಷ್ಟು ಜೋರಾಗಿ ಅಪ್ಪ ಯಾವತ್ತೂ ಕೂಗಿದ್ದಿಲ್ಲ. ಆ ಕಡೆಯಿಂದ ನೀನು, ಬಾ ಬಾ ಅಂತ."

ಕಾರಿನ ವೇಗ ಇಳಿಸಿದೆ. "ಮತ್ತೆ ಯಾಕೆ ಹೋದೆ ಮಗಾ?"

ಅವನು ಕನ್ನಡದಲ್ಲೇ ಹೇಳಿದ, ತಡವರಿಸಿಕೊಂಡು, ಚಿಕ್ಕ ಮಕ್ಕಳ ಕನ್ನಡದಲ್ಲಿ. "ಅಪ್ಪ ಸತ್ತಿದ್ದಾರೆ. ನೀನು ಇದ್ದೀಯ. ನಿನ್ನ ಮಾತು ಕೇಳ್ಬೇಕು ಅಂತ ಅನ್ನಿಸ್ತು."

ಮುಂದೆ ಸಿಕ್ಕಿದ ಸರ್ವಿಸ್ ಸ್ಟೇಷನ್ನಿಗೆ ಕಾರು ತಿರುಗಿಸಿದೆ. ದೂರದ ಮೂಲೆಯಲ್ಲಿ ನಿಲ್ಲಿಸಿದೆ. ಅವರನ್ನು ಹೋಗಿ ಎಂದು ಕಳಿಸಿಬಿಟ್ಟೆ ಎಂದು ಅಖಿಲನಿಗೆ ಹೇಳಿದೆ. ಅವನು ತಲೆಯಾಡಿಸಿದ. ಕೇಳಿಸುವುದು ನಿಂತಿದೆ, ಗೊತ್ತಾಯಿತು ಎಂದ. ಅವರೆಲ್ಲಿಗೆ ಹೋದರೋ, ಯಾವ ಮಾತು ಕೇಳಿಸಿಕೊಂಡು ಹೋದರೋ. ತಿರುಗಿ ಕರೆಯಲು ನನ್ನ ಹತ್ತಿರ ಏನೂ ಇಲ್ಲ. ಕರೆಯಲೂಬಾರದು.

ಮಳೆ ಗಾಜಿನ ಮೇಲೆ ಇಳಿಯುತ್ತಿತ್ತು. ನಾನು ಸೀಟಿನಲ್ಲಿ ಪೂರ್ತಿ ಅವನ ಕಡೆಗೆ ತಿರುಗಿ ಕೂತೆ. ಗಡ್ಡ ಬೆಳೆದಿತ್ತು. ತುಟಿಯ ಹತ್ತಿರ ಒಂದು ಹಳೆಯ ಗಾಯದ ಗೆರೆ ಇತ್ತು, ಯಾವಾಗಿನದೋ ನನಗೆ ಗೊತ್ತಿರಲಿಲ್ಲ.

"ಎಲ್ಲಿ ನೋವು?" ಎಂದೆ. "ಒಂದೊಂದಾಗಿ ತೋರಿಸು."

ಅವನು ತೋರಿಸಿದ. ಬಹಳ ಹೊತ್ತು ಹಿಡಿಯಿತು.